ಮೊದಲು ಬಾಗಿಲು, ಆಮೇಲೆ ಬ್ಯಾಟರಿ: ಶಾಲಾ ಬಸ್ಸು ಕೊಳ್ಳುವವರಿಗೊಂದು ಬಹಿರಂಗ ಪತ್ರ

ಶಾಲಾ ಆಡಳಿತ ಮಂಡಳಿಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ವಾಹನ ಖರೀದಿ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ವಿಷಯ: ಶಾಲಾ ಬಸ್ಸಿನ ಬಾಡಿ ವಿನ್ಯಾಸ ಮತ್ತು ಇಂಧನದ ಆಯ್ಕೆಯ ಕುರಿತು.

ನಾವು ಶಾಲಾ ಬಸ್ಸುಗಳನ್ನು ಓಡಿಸುವವರು, ರಿಪೇರಿ ಮಾಡುವವರು. ಬಸ್ಸು ಕೊಳ್ಳುವ ಮುನ್ನ ನಮ್ಮನ್ನು ಯಾರೂ ಕೇಳುವುದಿಲ್ಲ. ಕೊಂಡ ಮೇಲೆ ಎಲ್ಲದಕ್ಕೂ ನಮ್ಮನ್ನೇ ಕೇಳುತ್ತಾರೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣ ಇಷ್ಟೇ.

ನಮ್ಮ ಕೈಗೆ ಬರುವ ಖರೀದಿ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಸೀಟು ಎಷ್ಟು, ಎಸಿ ಬೇಕೋ ಬೇಡವೋ, ಕ್ಯಾಮೆರಾ ಎಷ್ಟು, ಜಿಪಿಎಸ್ ಯಾವುದು. ಈಚೆಗೆ ಕೊನೆಯಲ್ಲಿ ‘ಎಲೆಕ್ಟ್ರಿಕ್ ಆದರೆ ಒಳ್ಳೆಯದು’ ಎಂಬ ಒಂದು ಸಾಲು ಸೇರಿಕೊಂಡಿದೆ. ತುರ್ತು ಬಾಗಿಲು ಎಲ್ಲಿರಬೇಕು, ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ, ಬಸ್ಸು ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ, ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ ಎಂಬುದು ಯಾವ ಪುಟದಲ್ಲೂ ಇರುವುದಿಲ್ಲ. ಇಂಧನ ಯಾವುದೆಂದು ಮೊದಲು ತೀರ್ಮಾನವಾಗುತ್ತದೆ. ಆ ಇಂಧನದ ಟ್ಯಾಂಕೋ ಸಿಲಿಂಡರೋ ಬ್ಯಾಟರಿಯೋ ಕೂರುವ ಜಾಗ ಬಿಟ್ಟು ಉಳಿದದ್ದರಲ್ಲಿ ಮಕ್ಕಳನ್ನು ಕೂರಿಸುವ ಲೆಕ್ಕಾಚಾರ ಆಮೇಲೆ ನಡೆಯುತ್ತದೆ. ನಮ್ಮ ದೂರು ಈ ಕ್ರಮದ ಮೇಲೆಯೇ.

ಶಾಲಾ ಬಸ್ಸು ಸಿಟಿ ಬಸ್ಸಿನ ತಮ್ಮನಲ್ಲ. ಸಿಟಿ ಬಸ್ಸು ದಿನವಿಡೀ ಓಡುತ್ತದೆ. ಶಾಲಾ ಬಸ್ಸು ಬೆಳಿಗ್ಗೆ ಒಂದೆರಡು ಗಂಟೆ, ಸಂಜೆ ಒಂದೆರಡು ಗಂಟೆ ಓಡಿ ಉಳಿದ ಹೊತ್ತೆಲ್ಲ ನಿಂತಿರುತ್ತದೆ. ರಜೆ ಬಂದರೆ ವಾರಗಟ್ಟಲೆ ಅಲುಗುವುದಿಲ್ಲ. ಓಡುವಾಗಲೂ ನಿಂತು ನಿಂತು ಸಾಗುತ್ತದೆ, ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಕೂತವರಲ್ಲಿ ಅನೇಕರಿಗೆ ಬಿಗಿಯಾದ ಹಿಡಿಕೆ ತಿರುಗಿಸುವ ಶಕ್ತಿ ಇರುವುದಿಲ್ಲ, ಕಿಟಕಿಯ ಮೇಲೆ ಅಂಟಿಸಿದ ಸೂಚನೆ ಓದಲು ಬರುವುದಿಲ್ಲ. ಈ ನಾಲ್ಕು ಮಾತು ತಲೆಯಲ್ಲಿಟ್ಟುಕೊಂಡರೆ ಮುಂದಿನ ಅರ್ಧ ತೀರ್ಮಾನಗಳು ತಾವಾಗಿಯೇ ಬರುತ್ತವೆ.

ಮೊದಲು ಬಾಡಿಯ ವಿಚಾರ.

ಶಾಲಾ ಬಸ್ಸಿಗೆ ಬೇರೆಯದೇ ಅಳತೆ ಬೇಕೆಂಬ ಯೋಚನೆ ಹೊಸದಲ್ಲ. 1939ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರ್ಯಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕರೆದ ಸಭೆ 44 ಮಾನದಂಡಗಳನ್ನು ಒಪ್ಪಿತು. ಬಾಡಿಯ ಉದ್ದ, ಒಳಗಿನ ಎತ್ತರ, ನಡುದಾರಿಯ ಅಗಲ ಅದರಲ್ಲಿದ್ದವು. ಜೊತೆಗೆ ಆ ಹಳದಿ ಬಣ್ಣ: ಬೆಳಗಿನ ಮಬ್ಬಿನಲ್ಲಿ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆಂದು ಆರಿಸಿದ್ದು. ನಮ್ಮ ಖರೀದಿದಾರರು ಬಣ್ಣವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ನಡುದಾರಿಯ ಅಗಲಕ್ಕೆ ಬಂದಾಗ ಮಾತ್ರ ಇನ್ನೊಂದು ಸೀಟಿನ ಆಸೆ ಅಡ್ಡ ಬರುತ್ತದೆ.

1977ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ ಜಾರಿಗೆ ಬಂದ ನಿಯಮಗಳನ್ನು ಬಾಡಿ ಕಟ್ಟಿಸುವವರೆಲ್ಲ ಒಮ್ಮೆ ಓದಬೇಕು. ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರವನ್ನು ಚಾವಣಿಯ ಮೇಲೆ ಹೇರಿದರೂ ಅದು 130 ಮಿ.ಮೀ.ಗಿಂತ ಹೆಚ್ಚು ಕುಸಿಯಬಾರದು. ತಗಡಿಗೆ ತಗಡು ಸೇರುವ ಜಾಯಿಂಟು, ಆ ಎರಡರಲ್ಲಿ ದುರ್ಬಲವಾದ ತಗಡಿನ ಬಲದ ಕನಿಷ್ಠ ಶೇ. 60ರಷ್ಟನ್ನು ತಾಳಬೇಕು. ಈ ಎರಡನೆಯ ನಿಯಮದ ಅರ್ಥ ಅಪಘಾತದ ಬಸ್ಸನ್ನು ಹತ್ತಿರದಿಂದ ನೋಡಿದವರಿಗೆ ಬೇಗ ಹೊಳೆಯುತ್ತದೆ. ರಿವೆಟ್ಟುಗಳನ್ನು ದೂರ ದೂರ ಹೊಡೆದಿದ್ದರೆ ಪಕ್ಕದ ತಗಡು ಹೊಲಿಗೆ ಬಿಚ್ಚಿದ ಚೀಲದ ಹಾಗೆ ಬಾಯಿ ತೆರೆಯುತ್ತದೆ, ಅದರ ಅಂಚು ಬ್ಲೇಡಿನ ಹಾಗಿರುತ್ತದೆ. ಪೇಂಟು ಹೊಡೆದ ಮೇಲೆ ರಿವೆಟ್ಟಿನ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ತಪಾಸಣೆ ನಡೆಯಬೇಕಾದದ್ದು ಬಾಡಿ ಅಸ್ಥಿಪಂಜರದ ಹಂತದಲ್ಲಿರುವಾಗ, ಒಳಗಿನ ಪ್ಯಾನೆಲ್ ಮುಚ್ಚುವ ಮುನ್ನ.

ಹೊರದಾರಿಗಳ ವಿಷಯದಲ್ಲಿ ಒಂದು ದುರಂತವನ್ನು ಹೆಸರಿಸಲೇಬೇಕು. 1988ರ ಮೇ 14ರಂದು ಅಮೆರಿಕದ ಕೆಂಟಕಿ ರಾಜ್ಯದ ಕ್ಯಾರಲ್ಟನ್ ಬಳಿ, ಕುಡಿದ ಚಾಲಕನೊಬ್ಬ ಎದುರು ದಿಕ್ಕಿನಲ್ಲಿ ಓಡಿಸಿಕೊಂಡು ಬಂದ ಪಿಕಪ್ ವಾಹನವೊಂದು ಚರ್ಚಿನ ಮಕ್ಕಳಿದ್ದ ಬಸ್ಸಿಗೆ ಡಿಕ್ಕಿ ಹೊಡೆಯಿತು. ಮೊದಲು ಶಾಲೆಗೆ ಓಡಿದ್ದ ಆ ಬಸ್ಸು 1977ರ ನಿಯಮ ಜಾರಿಗೆ ಬರಲು ಕೆಲವೇ ದಿನ ಮುಂಚೆ ತಯಾರಾದದ್ದು. ಅದರ ಪೆಟ್ರೋಲ್ ಟ್ಯಾಂಕಿಗೆ ರಕ್ಷಣೆಯ ಪಂಜರ ಇರಲಿಲ್ಲ. ಟ್ಯಾಂಕ್ ಒಡೆಯಿತು, ಮುಂಬಾಗಿಲು ಜಾಮಾಯಿತು, ಬೆಂಕಿಯೂ ಅದೇ ಕಡೆ ಹತ್ತಿತು. ಹಿಂಬಾಗಿಲೊಂದೇ ದಾರಿ ಉಳಿಯಿತು. ಸತ್ತ 27 ಮಂದಿಯ ಜೀವ ತೆಗೆದದ್ದು ಡಿಕ್ಕಿಯ ಪೆಟ್ಟಲ್ಲ, ಬೆಂಕಿ ಮತ್ತು ಹೊಗೆ. ಟ್ಯಾಂಕ್ ಎಲ್ಲಿದೆ ಮತ್ತು ಬಾಗಿಲು ಎಲ್ಲಿದೆ ಎಂಬುದನ್ನು ಎರಡು ಬೇರೆ ಪ್ರಶ್ನೆಗಳಾಗಿ ನೋಡಬಾರದೆಂದು ನಾವು ಹಟ ಹಿಡಿಯುವುದು ಇದಕ್ಕೇ.

ಈಗ ಎಂಜಿನ್ ಎಲ್ಲಿರಬೇಕೆಂಬ ಪ್ರಶ್ನೆ. ಮೂತಿ ಮುಂದಿರುವ ಬಸ್ಸಿನಲ್ಲಿ ಎಂಜಿನ್ ರಿಪೇರಿ ಸುಲಭ, ಎದುರು ಡಿಕ್ಕಿಯಲ್ಲಿ ಚಾಲಕನಿಗೆ ರಕ್ಷಣೆ, ಹಿಂಬಾಗಿಲಿಗೆ ಪೂರ್ತಿ ಜಾಗ. ಕೆಡುಕೆಂದರೆ ಬಾನೆಟ್ಟಿನ ಮುಂದೆ ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ಚಪ್ಪಟೆ ಮುಖದ ಬಸ್ಸಿನಲ್ಲಿ ಮುಂದಿನ ನೋಟ ಚೆನ್ನ, ಅದೇ ಉದ್ದದಲ್ಲಿ ಸೀಟು ಹೆಚ್ಚು. ಆದರೆ ಎಂಜಿನ್ ಮುಂದೆ ಚಾಲಕನ ಪಕ್ಕದಲ್ಲಿದ್ದರೆ ಶಾಖ, ಸದ್ದು, ಗೇರ್ ಲಿವರಿನ ರಬ್ಬರು ಹರಿದಾಗ ಒಳನುಗ್ಗುವ ಹೊಗೆ. ಎಂಜಿನ್ ಹಿಂದೆ ಹೋದರೆ ಬಸ್ಸು ಸದ್ದಿಲ್ಲದೆ ಸಾಗುತ್ತದೆ, ಆದರೆ ಹಿಂಬಾಗಿಲೇ ಹೋಗುತ್ತದೆ. ಅದಕ್ಕೆ ಬದಲಾಗಿ ಪಕ್ಕದಲ್ಲಿ ತುರ್ತು ಬಾಗಿಲು, ಹಿಂದೆ ಒಳಗಿನಿಂದ ತಳ್ಳಿ ತೆರೆಯುವ ದೊಡ್ಡ ಗಾಜು ಎರಡೂ ಇರಲೇಬೇಕು. ಪಕ್ಕದ ಬಾಗಿಲಿನ ಎದುರು ಒಂದು ಸೀಟಿನ ಜಾಗ ಖಾಲಿ ಬಿಡಬೇಕಾಗುತ್ತದೆ. ಆ ಖಾಲಿ ಜಾಗ ಹೆಚ್ಚು ದಿನ ಖಾಲಿ ಉಳಿದದ್ದನ್ನು ನಾವು ಕಂಡದ್ದು ಕಡಿಮೆ. ಮೊದಲ ವರ್ಷ ಬ್ಯಾಗುಗಳು, ಎರಡನೆಯ ವರ್ಷ ಬೋಲ್ಟ್ ಹಾಕಿದ ಬೆಂಚು.

ಬಸ್ಸು ಮಗ್ಗುಲಿಗೆ ಮಗುಚಿದಾಗ ಒಂದು ಬದಿಯ ಬಾಗಿಲು ನೆಲಕ್ಕೆ ಒತ್ತಿಕೊಂಡಿರುತ್ತದೆ, ಇನ್ನೊಂದು ಬದಿಯದು ತಲೆಯ ಮೇಲೆ ಆಕಾಶ ನೋಡುತ್ತಿರುತ್ತದೆ. ಆಗ ಕೆಲಸಕ್ಕೆ ಬರುವುದು ಹಿಂದಿನ ದಾರಿ ಮತ್ತು ಚಾವಣಿಯ ಕಿಂಡಿ. ಉದ್ದದ ಬಸ್ಸಿಗೆ ಎರಡು ಕಿಂಡಿ ಇರಲಿ, ಹೊರಗಿನಿಂದಲೂ ತೆರೆಯುವಂತಿರಲಿ. ಕಿಟಕಿಗೆ ಅಡ್ಡ ಸರಳು ಹಾಕಿಸುವವರು ಮಗುವಿನ ಕೈ ಹೊರಗೆ ಬಾರದಿರಲೆಂದು ಹಾಕಿಸುತ್ತಾರೆ, ಒಪ್ಪುತ್ತೇವೆ. ಆದರೆ ನಾಲ್ಕೂ ಮೂಲೆ ವೆಲ್ಡ್ ಮಾಡಿದ ಸರಳು ಹೊಗೆ ತುಂಬಿದಾಗ ಪಂಜರವಾಗುತ್ತದೆ. ತುರ್ತು ಕಿಟಕಿಗಳಲ್ಲಿ ಸರಳಿನ ಚೌಕಟ್ಟು ಒಂದು ಕಡೆ ಕೀಲಿನ ಮೇಲೆ ಕೂತು, ಇನ್ನೊಂದು ಕಡೆ ಒಳಗಿನ ಪಿನ್ ಎಳೆದರೆ ಹೊರಕ್ಕೆ ತೆರೆದುಕೊಳ್ಳಬೇಕು.

ತುರ್ತು ಬಾಗಿಲಿನ ಹಿಡಿಕೆಯ ಬಗ್ಗೆ ಇನ್ನೆರಡು ಮಾತು. ವರ್ಷಕ್ಕೊಮ್ಮೆ ತಪಾಸಣೆಗೆ ಮುನ್ನ ಬಸ್ಸಿಗೆ ಪೇಂಟು ಬೀಳುತ್ತದೆ. ಕೀಲಿನ ಸಂದಿಗೆ, ರಬ್ಬರ್ ಬೀಡಿಂಗಿನ ಅಂಚಿಗೆ ಅದು ಇಳಿದು ಒಣಗಿ ಬಾಗಿಲು ಅಂಟಿಕೊಳ್ಳುತ್ತದೆ. ನೋಡುವವರಿಗೆ ಹಿಡಿಕೆ ಫಳಫಳ ಹೊಳೆಯುತ್ತದೆ, ಎಳೆದರೆ ಜಗ್ಗುವುದಿಲ್ಲ. ಬಾಗಿಲು ಪೂರ್ತಿ ಬೀಗಗೊಳ್ಳದಿದ್ದರೆ ಚಾಲಕನ ಬಳಿ ಬಜರ್ ಕೂಗಬೇಕು. ಆ ಬಜರ್ ಕಿರಿಕಿರಿ ಎಂದು ತಂತಿ ಕತ್ತರಿಸಿದ ಬಸ್ಸುಗಳು ವರ್ಕ್‌ಶಾಪಿಗೆ ಬರುತ್ತವೆ. ತಂತಿ ಕತ್ತರಿಸಿದವರನ್ನು ಬೈದು ಪ್ರಯೋಜನವಿಲ್ಲ. ಲ್ಯಾಚಿನ ಸ್ವಿಚ್ಚಿಗೆ ಧೂಳು ತುಂಬಿ ಅದು ಸುಳ್ಳು ಕೂಗು ಕೂಗುತ್ತಿತ್ತು, ಸ್ವಿಚ್ ಬದಲಿಸಲು ಯಾರೂ ಮಂಜೂರಾತಿ ಕೊಟ್ಟಿರಲಿಲ್ಲ.

ಸೀಟಿನ ವಿಷಯ ಚಿಕ್ಕದೆನಿಸಬಹುದು, ಆದರೆ ಬಸ್ಸಿನೊಳಗಿನ ಗಾಯಗಳಿಗೂ ಸೀಟಿನ ಬೆನ್ನಿಗೂ ನೇರ ಸಂಬಂಧ ಇದೆ. ಎತ್ತರದ, ಒಳಗೆ ಬಾಗುವ ಲೋಹದ ಚೌಕಟ್ಟಿರುವ, ಎರಡೂ ಬದಿ ಮೆತ್ತೆ ಹಾಕಿದ ಬೆನ್ನುಗಳನ್ನು ಹತ್ತಿರ ಹತ್ತಿರ ಜೋಡಿಸಿದರೆ, ಬ್ರೇಕ್ ಬಿದ್ದಾಗ ಮಗು ಮುಂದಿನ ಮೆತ್ತೆಗೆ ಒರಗಿ ನಿಲ್ಲುತ್ತದೆ. ಮೊಟ್ಟೆಗಳ ಟ್ರೇನಲ್ಲಿ ಮೊಟ್ಟೆ ಕೂತ ಹಾಗೆ. ಅಮೆರಿಕದಲ್ಲಿ ಈ ಬೆನ್ನಿನ ಎತ್ತರವನ್ನು ಮೊದಲಿದ್ದ 20 ಇಂಚಿನಿಂದ 24 ಇಂಚಿಗೆ, ಅಂದರೆ ಸುಮಾರು 610 ಮಿ.ಮೀ.ಗೆ ಏರಿಸಿದ್ದಾರೆ. ನಮ್ಮ ಕಣ್ಣಿಗೆ ಬೀಳುವುದು ಇದರ ತಲೆಕೆಳಗು: ಬೆನ್ನು ಗಿಡ್ಡ, ಅದರ ನೆತ್ತಿಯ ಮೇಲೆ ಹಿಡಿದುಕೊಳ್ಳಲೆಂದು ಬರಿಯ ಕಬ್ಬಿಣದ ಪೈಪು. ಕೂತ ಮಗುವಿನ ಹಲ್ಲಿನ ಎತ್ತರಕ್ಕೆ ಸರಿಯಾಗಿ ಆ ಪೈಪು ಬರುತ್ತದೆ. ಇದೊಂದು ತಪ್ಪಾದರೂ ಹೊಸ ಖರೀದಿಯಲ್ಲಿ ಮರುಕಳಿಸದಿರಲಿ. ಸೀಟ್‌ಬೆಲ್ಟ್ ಹಾಕಿಸುವುದಾದರೆ ಸೊಂಟ ಮತ್ತು ಭುಜ ಎರಡಕ್ಕೂ ಬರುವ ಮೂರು ಬಿಂದುವಿನದನ್ನೇ ಹಾಕಿಸಿ, ಸೀಟಿನ ಚೌಕಟ್ಟು ಆ ಎಳೆತಕ್ಕೆ ಪರೀಕ್ಷೆಯಾಗಿರಲಿ. ಹಳೆಯ ಸೀಟಿಗೆ ಬೆಲ್ಟ್ ಹೊಲಿಸುವುದರಿಂದ ಫೋಟೋಕ್ಕೆ ಮಾತ್ರ ಲಾಭ.

ಅಪಾಯದ ದೊಡ್ಡ ಪಾಲು ಬಸ್ಸಿನ ಹೊರಗಿದೆ. ಹತ್ತುವಾಗ, ಇಳಿದು ರಸ್ತೆ ದಾಟುವಾಗ, ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ಚಕ್ರದ ಮುಂದೆ ಬಗ್ಗಿದಾಗ. ಬಸ್ಸಿನ ಸುತ್ತ ಮೂರು ಮೀಟರ್ ಜಾಗವನ್ನು ಅಪಾಯದ ವಲಯವೆಂದೇ ಚಾಲಕರಿಗೆ ಕಲಿಸಬೇಕು. ಮುಂದಿನ ಎರಡೂ ಮೂಲೆಗೆ ಉಬ್ಬು ಕನ್ನಡಿ ಬೇಕು. ಚಾಲಕ ಕೂತಲ್ಲಿಂದಲೇ ಮುಂದಿನ ಬಂಪರಿನ ಬುಡದ ನೆಲ ಕಾಣುವಂತೆ ಅದನ್ನು ತಿರುಗಿಸಿಡಬೇಕು. ಬಂಪರಿನಿಂದ ಮುಂದಕ್ಕೆ ಚಾಚಿಕೊಳ್ಳುವ ಅಡ್ಡಗೋಲು ಮಗುವನ್ನು ಚಾಲಕನ ದೃಷ್ಟಿಗೆ ಸಿಗುವಷ್ಟು ದೂರ ಸುತ್ತಿಸಿ ನಡೆಸುತ್ತದೆ. ಕ್ಯಾಮೆರಾ ಇವುಗಳ ಜೊತೆಗಿರಲಿ, ಇವುಗಳ ಬದಲಿಗೆ ಬೇಡ: ಮಳೆಗಾಲದಲ್ಲಿ ಹಿಂದಿನ ಕ್ಯಾಮೆರಾದ ಗಾಜಿನ ಮೇಲೆ ಕೆಸರು ಕೂರಲು ಒಂದು ಟ್ರಿಪ್ ಸಾಕು. ಮೊದಲ ಮೆಟ್ಟಿಲು ನೆಲದಿಂದ 30 ಸೆಂ.ಮೀ. ಆಸುಪಾಸಿನಲ್ಲಿರಲಿ, ಚಿಕ್ಕ ಮಗು ಮೊಣಕಾಲೂರಿ ಹತ್ತುವಂತಾದರೆ ಇಳಿಯುವಾಗ ಜಿಗಿಯುತ್ತದೆ.

ಕೈಹಿಡಿ ಕಂಬಿಯ ಪರೀಕ್ಷೆ ಸಮಿತಿಯ ಯಾವ ಸದಸ್ಯರಾದರೂ ಮಾಡಬಹುದಾದದ್ದು. ಒಂದು ಮೀಟರ್ ದಾರದ ತುದಿಗೆ ಒಂದು ನಟ್ ಕಟ್ಟಿ. ಮೆಟ್ಟಿಲಿನ ಮೇಲೆ ನಿಂತು ಕಂಬಿಯ ಮೇಲಿನ ತುದಿಯಲ್ಲಿ ಅದನ್ನು ಇಳಿಬಿಟ್ಟು, ಇಳಿದು ಹೋಗುವ ಮಗುವಿನ ಬ್ಯಾಗಿನ ಪಟ್ಟಿಯಂತೆ ಹೊರಕ್ಕೆ ಎಳೆಯಿರಿ. ಕಂಬಿ ಗೋಡೆಗೆ ಸೇರುವ ಸಂದಿಯಲ್ಲಿ ನಟ್ ಸಿಕ್ಕಿಕೊಂಡರೆ, ನಾಳೆ ಜರ್ಕಿನ್ನಿನ ದಾರವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಗಿಲು ಮುಚ್ಚುತ್ತದೆ, ಬಸ್ಸು ಹೊರಡುತ್ತದೆ. ಇಂಥ ಸಾವುಗಳು ನಡೆದ ಮೇಲೆಯೇ ಈ ಪರೀಕ್ಷೆ ಹುಟ್ಟಿದ್ದು.

ಇನ್ನು ಇಂಧನ. ಇಲ್ಲಿ ನಮಗೆ ಯಾವ ಪಕ್ಷವೂ ಇಲ್ಲ. ರೂಟಿನ ಹಾಳೆ ಹೇಳಿದ್ದೇ ಸರಿ.

ಡೀಸೆಲ್ ಎಂಜಿನ್ ಹೊಸದಾದಷ್ಟೂ ಹೊಗೆ ಕಡಿಮೆ, ಕಾಯಿಲೆ ಬೇರೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಾಗಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರು, ಯೂರಿಯಾ ದ್ರಾವಣ ಸಿಂಪಡಿಸುವ ಎಸ್‌ಸಿಆರ್ ವ್ಯವಸ್ಥೆ ಇಲ್ಲದ ಡೀಸೆಲ್ ಬಸ್ಸನ್ನು ಮಕ್ಕಳಿಗೆಂದು ಈಗ ಕೊಳ್ಳುವುದೇ ತಪ್ಪು. ಆದರೆ ಈ ಫಿಲ್ಟರು ಹೆದ್ದಾರಿಯ ಓಟಕ್ಕೆ ಹೊಂದಿಕೊಳ್ಳುವಷ್ಟು ಶಾಲೆಯ ಓಟಕ್ಕೆ ಹೊಂದುವುದಿಲ್ಲ. ಹೆದ್ದಾರಿಯಲ್ಲಿ ಸೈಲೆನ್ಸರಿನ ಶಾಖಕ್ಕೆ ಮಸಿ ತಾನಾಗಿ ಉರಿದುಹೋಗುತ್ತದೆ. ನಿಂತು ನಿಂತು ಹೋಗುವ ಶಾಲಾ ಬಸ್ಸಿನಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲ. ಆಗ ಎಂಜಿನ್ನಿನ ಕಂಪ್ಯೂಟರು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು 600 ಡಿಗ್ರಿಯ ಹತ್ತಿರಕ್ಕೆ ಕಾಯಿಸುತ್ತದೆ. ಇದು ಮುಗಿಯಲು 20ರಿಂದ 40 ನಿಮಿಷ ಬೇಕು. ಅಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತದೆ, ಚಾಲಕ ಕೀಲಿ ತಿರುಗಿಸುತ್ತಾನೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಹತ್ತಾರು ಸಲ ಆದರೆ ಸಿಲಿಂಡರಿನ ಗೋಡೆಗುಂಟ ಉರಿಯದ ಡೀಸೆಲ್ ಕೆಳಗಿಳಿದು ಆಯಿಲಿಗೆ ಬೆರೆಯುತ್ತದೆ. ಆಯಿಲ್ ನೋಡುವ ಕಡ್ಡಿ ಎಳೆದರೆ ಮಟ್ಟ ಇಳಿದಿರುವ ಬದಲು ಏರಿರುತ್ತದೆ, ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಏರಿದ ಆಯಿಲ್ ನೋಡಿ ‘ಗಾಡಿ ಆಯಿಲ್ ಕುಡಿಯುವುದಿಲ್ಲ’ ಎಂದು ಸಂತೋಷಪಟ್ಟ ಮೇಲ್ವಿಚಾರಕರಿದ್ದಾರೆ. ತೆಳುವಾದ ಆ ಆಯಿಲು ಮೊದಲು ಟರ್ಬೊ ಬೇರಿಂಗನ್ನು, ಆಮೇಲೆ ಎಂಜಿನ್ನನ್ನೇ ತಿನ್ನುತ್ತದೆ.

ಪರಿಹಾರ ಕಷ್ಟದ್ದಲ್ಲ. ಡ್ಯಾಶ್‌ಬೋರ್ಡಿನ ಡಿಪಿಎಫ್ ದೀಪ ಏನು ಹೇಳುತ್ತದೆಂದು ಚಾಲಕರಿಗೆ ಕಲಿಸಬೇಕು. ವಾರಕ್ಕೊಮ್ಮೆ ಖಾಲಿ ಬಸ್ಸನ್ನು ಒಳ್ಳೆಯ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಲು ಅನುಮತಿ ಇರಬೇಕು. ನಿಲ್ಲಿಸಿ ಮಸಿ ಸುಡುವುದಾದರೆ ಮಕ್ಕಳಿಲ್ಲದ ಹೊತ್ತಿನಲ್ಲಿ, ಒಣಹುಲ್ಲಿಲ್ಲದ ಬರಿನೆಲದ ಮೇಲೆ. ಯೂರಿಯಾ ದ್ರಾವಣ ಶೇ. 32.5ರ ಗುಣಮಟ್ಟದ್ದೇ ಆಗಬೇಕು. ಬಿಸಿಲಿನಲ್ಲಿಟ್ಟ ಹಳೆಯ ಕ್ಯಾನು, ನೀರು ಬೆರೆಸಿದ ದ್ರಾವಣ ಹಾಕಿದರೆ ಇಂಜೆಕ್ಟರಿನ ಬಾಯಲ್ಲಿ ಬಿಳಿ ಹರಳು ಕಟ್ಟಿ ಎಂಜಿನ್ ಬಲವನ್ನೇ ಇಳಿಸಿಬಿಡುತ್ತದೆ. ರೇಜಿಗೆ ಬೇಡವೆಂದು ಫಿಲ್ಟರಿನ ಒಳಗನ್ನು ಕೊರೆದು ಖಾಲಿ ಮಾಡಿಸುವುದುಂಟು. ಅದನ್ನು ಮಾಡಿಸಿದವರು ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ವಾರ ಪ್ರಯಾಣ ಮಾಡಬೇಕೆಂಬುದು ನಮ್ಮ ಸವಿನಯ ಸಲಹೆ.

ಹೊಗೆ ಸೈಲೆನ್ಸರಿನಿಂದ ಮಾತ್ರ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಹಳೆಯ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಪೆಟ್ಟಿಗೆಯ) ಉಸಿರುಕೊಳವೆ ಬಾನೆಟ್ಟಿನ ಕೆಳಗೇ ಬಾಯಿ ಬಿಟ್ಟಿರುತ್ತದೆ. ಬಾಗಿಲು ತೆರೆದಾಗಲೆಲ್ಲ ಅದರ ಹೊಗೆ ನೇರ ಒಳಗೆ. ಮುಚ್ಚಿದ ಕ್ರ್ಯಾಂಕ್‌ಕೇಸ್ ಫಿಲ್ಟರ್ ಹಾಕಿಸಿದರೆ ಇದು ನಿಲ್ಲುತ್ತದೆ. ಶಾಲೆ ಬಿಡುವ ಹೊತ್ತಿಗೆ ಬಸ್ಸುಗಳು ಒಂದರ ಹಿಂದೊಂದು ಎಂಜಿನ್ ಆನ್ ಇಟ್ಟು ನಿಂತರೆ ಮುಂದಿನ ಬಸ್ಸಿನ ಹೊಗೆ ಹಿಂದಿನ ಬಸ್ಸಿನ ಮಕ್ಕಳ ಪಾಲಿಗೆ. ಹಾಗೆ ನಿಂತು ಉರಿಯುವ ಎಂಜಿನ್ ಗಂಟೆಗೆ ಸುಮಾರು 2 ಲೀಟರ್ ಡೀಸೆಲ್ ಸುಡುತ್ತದೆ. ಇದಕ್ಕೆ ಹೊಸ ಬಸ್ಸು ಬೇಕಿಲ್ಲ, ಒಂದು ಆದೇಶ ಸಾಕು.

ಸಿಎನ್‌ಜಿಯಲ್ಲಿ ಮಸಿಯ ಗೋಳಿಲ್ಲ, ಸದ್ದು ಕಡಿಮೆ. ಬಂಕ್ ರೂಟಿನ ದಾರಿಯಲ್ಲೇ ಇದ್ದರೆ ಒಳ್ಳೆಯ ಆಯ್ಕೆ; ತುಂಬಿಸಲು ಹತ್ತು ಕಿಲೋಮೀಟರ್ ಸುತ್ತಬೇಕಾದರೆ ಉಳಿತಾಯವೆಲ್ಲ ಆ ಸುತ್ತಿಗೇ ಹೋಗುತ್ತದೆ. 200 ಬಾರ್ ಇಲ್ಲವೇ ಅದಕ್ಕೂ ಮೀರಿದ ಒತ್ತಡದ ಸಿಲಿಂಡರುಗಳು ಭಾರ. ಚಾವಣಿಯ ಮೇಲಿಟ್ಟರೆ ತಿರುವಿನಲ್ಲಿ ಬಸ್ಸು ವಾಲುತ್ತದೆ. ಕೆಳಗಿಟ್ಟರೆ ಕಲ್ಲೇಟು, ಕೆಸರು, ತುಕ್ಕು. ಅನಿಲ ತುಂಬುವ ಬಾಯಿ ಯಾವ ಕಾರಣಕ್ಕೂ ತುರ್ತು ಬಾಗಿಲಿನ ಕೆಳಗೆ ಇರಕೂಡದು. ಸಿಲಿಂಡರಿಗೂ ಆಯುಷ್ಯವಿದೆ: ತಯಾರಾದ ದಿನಾಂಕ, ಕೊನೆಯ ಪರೀಕ್ಷೆಯ ದಿನಾಂಕ ಅದರ ಮೇಲೆಯೇ ಇರುತ್ತದೆ, ಬಸ್ಸು ಪಡೆಯುವ ದಿನವೇ ಬರೆದಿಟ್ಟುಕೊಳ್ಳಿ. ಎಲ್‌ಪಿಜಿಯ ಒತ್ತಡ ಇದಕ್ಕಿಂತ ಎಷ್ಟೋ ಕಡಿಮೆ, ಟ್ಯಾಂಕೂ ಹಗುರ. ಶಾಖಕ್ಕೆ ದ್ರವ ಹಿಗ್ಗಲು ಜಾಗ ಬೇಕಾದ್ದರಿಂದ ಅದನ್ನು ಶೇ. 80ಕ್ಕಿಂತ ಹೆಚ್ಚು ತುಂಬುವಂತಿಲ್ಲ. ಸಮಿತಿಗಳು ಮರೆಯುವ ವ್ಯತ್ಯಾಸ ಒಂದಿದೆ. ಸಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಶೆಡ್ಡಿನ ಮಾಡಿನಲ್ಲಿ ಗಾಳಿಕಿಂಡಿ ಬೇಕು, ಡಿಟೆಕ್ಟರ್ ಮೇಲೆ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಸರ್ವಿಸ್ ಗುಂಡಿಯಲ್ಲಿ ಮಡುಗಟ್ಟುತ್ತದೆ. ಡಿಟೆಕ್ಟರ್ ನೆಲದ ಬಳಿ ಬೇಕು. ಒಂದಕ್ಕೆಂದು ಕಟ್ಟಿದ ಶೆಡ್ಡು ಇನ್ನೊಂದಕ್ಕೆ ಸುರಕ್ಷಿತವಲ್ಲ.

ಪೆಟ್ರೋಲ್ ಸಣ್ಣ ವ್ಯಾನಿಗೆ ಆದೀತು. ಡೀಸೆಲ್ ಆವಿ ಕಿಡಿಗೆ ಹತ್ತಿಕೊಳ್ಳಲು ಸಾಕಷ್ಟು ಶಾಖ ಬೇಕು, ಪೆಟ್ರೋಲಿಗೆ ಎಂಥ ಚಳಿಯೂ ಅಡ್ಡಿಯಲ್ಲ. ಜೈವಿಕ ಡೀಸೆಲ್ ಬೆರೆಸುವವರು ಮೊದಲ ಕೆಲವು ತಿಂಗಳು ಫಿಲ್ಟರುಗಳನ್ನು ಬೇಗ ಬೇಗ ಬದಲಿಸಬೇಕು, ಅದು ಹಳೆಯ ಟ್ಯಾಂಕಿನ ಕೊಳೆಯನ್ನೆಲ್ಲ ಕರಗಿಸಿ ತರುತ್ತದೆ. ಹೈಡ್ರೋಜನ್ ಬಗ್ಗೆ ಶಾಲೆಗಳು ಸದ್ಯ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎಲೆಕ್ಟ್ರಿಕ್ ಬಗ್ಗೆ ನಮ್ಮ ಅಭಿಪ್ರಾಯ ನೇರವಾಗಿದೆ: ದಿನವೂ ಅದೇ ದಾರಿ, ಕಡಿಮೆ ದೂರ, ರಾತ್ರಿ ನಿಲ್ಲಲು ಸ್ವಂತ ಜಾಗ ಇದ್ದರೆ ಶಾಲಾ ಬಸ್ಸಿನಷ್ಟು ಅದಕ್ಕೆ ಹೊಂದುವ ಗಾಡಿ ಇನ್ನೊಂದಿಲ್ಲ. ಡೀಸೆಲ್ ಎಂಜಿನ್ನಿಗೆ ಶಾಪವಾದ ನಿಲ್ಲು-ಹೊರಡು ಓಟ ಇಲ್ಲಿ ವರ, ಪ್ರತಿ ನಿಲುಗಡೆಯಲ್ಲೂ ಒಂದಿಷ್ಟು ಶಕ್ತಿ ಬ್ಯಾಟರಿಗೆ ಮರಳುತ್ತದೆ. ಆದರೂ ಶಾಲೆಗಳು ಕೈಸುಟ್ಟುಕೊಳ್ಳುತ್ತಿವೆ, ಕಾರಣ ಲೆಕ್ಕವಿಲ್ಲದ ಖರೀದಿ. ಒಂದು ಲೆಕ್ಕ ಇಲ್ಲಿಯೇ ಹಾಕೋಣ. ಒಂದು ಟ್ರಿಪ್ 35 ಕಿ.ಮೀ., ಎರಡು ಟ್ರಿಪ್ಪಿಗೆ 70, ಖಾಲಿ ಓಟ 10, ಒಟ್ಟು 80. ದೊಡ್ಡ ಬಸ್ಸಿಗೆ ಕಿಲೋಮೀಟರಿಗೆ 1.2 ಯೂನಿಟ್ ಎಂದಿಟ್ಟುಕೊಂಡರೆ ದಿನಕ್ಕೆ 96 ಯೂನಿಟ್. ಬ್ಯಾಟರಿಯ ಮೇಲಿನ ಮತ್ತು ತಳದ ತಲಾ ಶೇ. 10ನ್ನು ಮುಟ್ಟದೆ ಶೇ. 80ನ್ನಷ್ಟೇ ಬಳಸುವುದು, ವರ್ಷಗಳು ಕಳೆದು ಸಾಮರ್ಥ್ಯ ಶೇ. 80ಕ್ಕೆ ಇಳಿದಾಗಲೂ ರೂಟು ನಡೆಯಬೇಕು. ಹಾಗಾದರೆ ಕೊಳ್ಳಬೇಕಾದ ಬ್ಯಾಟರಿ 150 ಯೂನಿಟ್ಟಿನದು. ಎಸಿ ಅಥವಾ ಹೀಟರ್ ಇದ್ದರೆ ಅದಕ್ಕೆ ಬೇರೆ ಸೇರಿಸಿ. ‘ಇರಲಿ’ ಎಂದು ಇದರ ದುಪ್ಪಟ್ಟು ಕೊಂಡರೆ ಒಂದು ಟನ್ನಿನಷ್ಟು ಹೆಚ್ಚಿನ ಭಾರವನ್ನು ದಿನವೂ ಹೊತ್ತು ತಿರುಗುತ್ತೀರಿ. ಟೈರು ಸವೆಯುತ್ತದೆ, ಆಕ್ಸಲ್ಲಿನ ಮಿತಿಗೆ ಸೀಟು ಕಡಿಮೆಯಾಗುತ್ತದೆ.

ಚಾರ್ಜರಿನದು ಇನ್ನೂ ದೊಡ್ಡ ಎಡವಟ್ಟು. 96 ಯೂನಿಟ್ ತುಂಬಲು ನಷ್ಟ ಸೇರಿ ಮೀಟರಿನಲ್ಲಿ 106 ಓಡುತ್ತದೆನ್ನೋಣ. ರಾತ್ರಿ 8 ಗಂಟೆ ಸಿಕ್ಕರೆ ಬಸ್ಸಿಗೆ ಬೇಕಾದದ್ದು 13 ಕಿಲೋವ್ಯಾಟಿನ ಆಸುಪಾಸು. ಹತ್ತು ಬಸ್ಸಿಗೆ 130ರ ಸುತ್ತಮುತ್ತ. ಇದನ್ನು ಬಿಟ್ಟು ಪ್ರತಿ ಬಸ್ಸಿಗೂ 60 ಕಿಲೋವ್ಯಾಟಿನ ವೇಗದ ಚಾರ್ಜರ್ ತಂದು, ಸಂಜೆ ಐದಕ್ಕೆ ಹತ್ತನ್ನೂ ಒಟ್ಟಿಗೆ ಚುಚ್ಚಿದರೆ 600 ಕಿಲೋವ್ಯಾಟ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ದೊಡ್ಡದಾಗಬೇಕು, ಕೇಬಲ್ ದಪ್ಪವಾಗಬೇಕು, ಗರಿಷ್ಠ ಬೇಡಿಕೆಯ ಮೇಲೆ ಶುಲ್ಕವಿರುವ ಕಡೆ ಬಿಲ್ಲು ತಿಂಗಳಿಡೀ ಕಾಡುತ್ತದೆ. ಬಸ್ಸಿನ ಆರ್ಡರಿಗೆ ಮುಂಚೆ ವಿದ್ಯುತ್ ಕಂಪನಿಗೆ ಅರ್ಜಿ ಹೋಗಲಿ. ಬಸ್ಸು ಬಂದು ನಿಂತು ಕರೆಂಟು ಬಾರದಿದ್ದರೆ ಆ ನಗೆಪಾಟಲಿಗೆ ನಾವು ಉತ್ತರಿಸಬೇಕಾಗುತ್ತದೆ.

ರಸ್ತೆಯಲ್ಲಿ ಎಲೆಕ್ಟ್ರಿಕ್ ಬಸ್ಸು ಕೈಕೊಡುವುದು ಅನೇಕ ಸಲ ದೊಡ್ಡ ಬ್ಯಾಟರಿಯಿಂದಲ್ಲ, ಚಿಕ್ಕ ಬ್ಯಾಟರಿಯಿಂದ. ದೊಡ್ಡದರ ಕಾಂಟ್ಯಾಕ್ಟರುಗಳನ್ನು, ಅಂದರೆ ಅದನ್ನು ಬಸ್ಸಿಗೆ ಜೋಡಿಸುವ ಸ್ವಿಚ್ಚುಗಳನ್ನು, ಎಬ್ಬಿಸುವುದೇ ಆ ಚಿಕ್ಕದು. ಕ್ಯಾಮೆರಾ, ಜಿಪಿಎಸ್ ರಾತ್ರಿಯಿಡೀ ಅದನ್ನು ಹೀರಿದರೆ, ಬೆಳಿಗ್ಗೆ 150 ಯೂನಿಟ್ ತುಂಬಿಕೊಂಡ ಬಸ್ಸು ಒಂದು ದೀಪವನ್ನೂ ಹೊತ್ತಿಸದೆ ನಿಂತಿರುತ್ತದೆ. ಮೋಟಾರೇ ಬ್ರೇಕಿನ ಕೆಲಸ ಮಾಡುವುದರಿಂದ ಬ್ರೇಕ್ ಲೈನರ್ ಸವೆಯುವುದಿಲ್ಲ, ಬದಲಿಗೆ ನುಣುಪಾಗುತ್ತದೆ, ಅದು ಒತ್ತುವ ಲೋಹ ತುಕ್ಕು ಹಿಡಿಯುತ್ತದೆ; ಸವೆದಿಲ್ಲವೆಂದು ಬಿಚ್ಚಿ ನೋಡದಿದ್ದರೆ ಬೇಕಾದ ದಿನ ಹಿಡಿಯುವುದಿಲ್ಲ. ಸದ್ದಿಲ್ಲದ ಬಸ್ಸು ಮಕ್ಕಳ ನಡುವೆ ಅಪಾಯ. ವಿಶ್ವಸಂಸ್ಥೆಯ 138ನೇ ನಿಯಮ 20 ಕಿ.ಮೀ. ವೇಗದವರೆಗೆ ಎಚ್ಚರಿಕೆಯ ಸದ್ದು ಇರಲೇಬೇಕೆನ್ನುತ್ತದೆ, ಅದನ್ನು ಆಫ್ ಮಾಡುವ ಸ್ವಿಚ್ಚು ಚಾಲಕನ ಕೈಗೆ ಸಿಗಬಾರದು. ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲನ್ನು ತರಬೇತಿಯಿಲ್ಲದವರು ಮುಟ್ಟುವಂತಿಲ್ಲ. ಕೆನಡಾದ ಲಯನ್ ಎಲೆಕ್ಟ್ರಿಕ್ ಕಂಪನಿ 2024ರ ಡಿಸೆಂಬರಿನಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲಿಗೆ ಹೋದಾಗ ಅದರ ಬಸ್ಸು ಕೊಂಡಿದ್ದ ಶಾಲೆಗಳು ವಾರಂಟಿ, ಬಿಡಿಭಾಗದ ಚಿಂತೆಗೆ ಬಿದ್ದವು. ವಾರಂಟಿಯ ಕಾಗದ ಕಂಪನಿ ಬದುಕಿರುವಷ್ಟು ದಿನ ಮಾತ್ರ ವಾರಂಟಿ. ದೋಷ ಓದುವ ಸಾಫ್ಟ್‌ವೇರ್, ವೈರಿಂಗ್ ನಕ್ಷೆ, ಬಿಡಿಭಾಗಗಳ ಪಟ್ಟಿ ಬಸ್ಸಿನ ಜೊತೆಗೇ ಕೈಸೇರಬೇಕು.

ಎಲ್ಲ ಇಂಧನಕ್ಕೂ ಸಲ್ಲುವ ಒಂದು ಮಾತು. ಬೆಂಕಿ ಎಂದರೆ ಎಲ್ಲರೂ ಬ್ಯಾಟರಿಯನ್ನೋ ಸಿಲಿಂಡರನ್ನೋ ನೋಡುತ್ತಾರೆ. ನಾವು ವರ್ಕ್‌ಶಾಪಿನಲ್ಲಿ ನೋಡುವ ಸುಟ್ಟ ತಂತಿಗಳು ಬಹುಪಾಲು ಆಮೇಲೆ ಹಾಕಿಸಿದವು: ಸ್ಪೀಕರು, ಹೆಚ್ಚುವರಿ ದೀಪ, ಫ್ಯಾನು. ಫ್ಯೂಸಿಲ್ಲದೆ ನೇರ ಬ್ಯಾಟರಿಗೆ ಜೋಡಿಸಿ, ತಗಡಿನ ತೂತಿನ ಅಂಚಿಗೆ ರಬ್ಬರ್ ಗ್ರೋಮೆಟ್ ಇಲ್ಲದೆ ಎಳೆದ ತಂತಿ ಅಲುಗಿ ಅಲುಗಿ ಸಿಪ್ಪೆ ಸುಲಿದುಕೊಳ್ಳುತ್ತದೆ.

ಇನ್ನು ನಮ್ಮ ಕೋರಿಕೆಗಳು. ಹೊಸ ಬಸ್ಸಿಗೆ ಟೆಂಡರ್ ಕರೆಯುವ ಮುನ್ನ ಎರಡು ವಾರ ಪ್ರತಿ ರೂಟಿನ ಕಿಲೋಮೀಟರ್, ನಿಲುಗಡೆ, ಏರು, ನಿಂತ ಹೊತ್ತು ಬರೆಸಿ; ಆ ಹಾಳೆಯಿಲ್ಲದೆ ಇಂಧನದ ಚರ್ಚೆ ಆರಂಭಿಸಬೇಡಿ. ದೂರದ ಪ್ರವಾಸಕ್ಕೆ ಒಂದೆರಡು ಡೀಸೆಲ್ ಬಸ್ಸು ಉಳಿಸಿಕೊಂಡು ಉಳಿದವನ್ನು ಎಲೆಕ್ಟ್ರಿಕ್ ಮಾಡುವುದು ಸೋಲಲ್ಲ. ಹೊರದಾರಿ, ಸೀಟಿನ ಬೆನ್ನು, ಮೆಟ್ಟಿಲು, ಕನ್ನಡಿಗಳ ಅಳತೆಯನ್ನು ಟೆಂಡರಿನ ಮೊದಲ ಪುಟದಲ್ಲಿ ಬರೆಯಿರಿ, ಯಾವ ಇಂಧನ ಬಂದರೂ ಅವು ಬದಲಾಗದಿರಲಿ. ಬಾಡಿ ಅರ್ಧ ಕಟ್ಟಿದಾಗ ಒಬ್ಬ ಮೆಕ್ಯಾನಿಕ್, ಒಬ್ಬ ಚಾಲಕನನ್ನು ಕಳುಹಿಸಿ, ಅವರ ಸಹಿಯಿಲ್ಲದೆ ಎರಡನೇ ಕಂತು ಕೊಡಬೇಡಿ. ಪ್ರತಿ ಅವಧಿಯ ಮೊದಲ ವಾರ ಮಕ್ಕಳಿಂದಲೇ ತುರ್ತು ಬಾಗಿಲು ತೆರೆಸಿ ಇಳಿಸುವ ಅಭ್ಯಾಸ ಮಾಡಿಸಿ. ತರಗತಿಯ ಅತಿ ಚಿಕ್ಕ ಮಗುವಿಗೆ ಹಿಡಿಕೆ ತಿರುಗದಿದ್ದರೆ ಆ ಬಸ್ಸು ಆ ದಿನ ಹೊರಡಬಾರದು.

ರಜೆಯ ಬಗ್ಗೆಯೂ ಒಂದು ಆದೇಶ ಬೇಕು. ಬಸ್ಸು ವಾರಗಟ್ಟಲೆ ನಿಲ್ಲುವ ಮುನ್ನ ಡೀಸೆಲ್ ಟ್ಯಾಂಕ್ ತುಂಬಿರಲಿ, ಖಾಲಿ ಟ್ಯಾಂಕಿನ ಗೋಡೆಯಲ್ಲಿ ನೀರು ಬೆವರುತ್ತದೆ. ಎಲೆಕ್ಟ್ರಿಕ್ ಬಸ್ಸಿನ ದೊಡ್ಡ ಬ್ಯಾಟರಿ ಅರ್ಧದಷ್ಟಿರಲಿ, ಚಿಕ್ಕದರ ಸಂಪರ್ಕ ಬಿಚ್ಚಿರಲಿ. ಏರ್ ಟ್ಯಾಂಕಿನ ನೀರು ಬಸಿದಿರಲಿ, ವಾರಕ್ಕೊಮ್ಮೆ ಬಸ್ಸನ್ನು ನಾಲ್ಕು ಮೀಟರಾದರೂ ಹಿಂದೆ ಮುಂದೆ ಮಾಡಲಿ. ಟೈರಿನ ಗೀರು ಆಳವಾಗಿದೆಯೆಂದು ಅದನ್ನು ನಂಬಬೇಡಿ. ಕಡಿಮೆ ಓಡುವ ಬಸ್ಸಿನ ಟೈರು ಸವೆಯುವ ಮುನ್ನವೇ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರ ತಯಾರಾದದ್ದು. ಈ ಪತ್ರ ಓದಿದ ಮೇಲೆ ದಯವಿಟ್ಟು ಶೆಡ್ಡಿಗೆ ಹೋಗಿ ಆ ಅಂಕಿಗಳನ್ನು ಓದಿ, ಬರುವಾಗ ಹಿಂಬಾಗಿಲಿನ ಹಿಡಿಕೆಯನ್ನೊಮ್ಮೆ ತಿರುಗಿಸಿ ಬನ್ನಿ. ನಿಮ್ಮ ಲಿಖಿತ ಉತ್ತರಕ್ಕೆ ಕಾಯುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಾಲಾ ಬಸ್ಸುಗಳ ಚಾಲಕರು ಮತ್ತು ವರ್ಕ್‌ಶಾಪ್ ಸಿಬ್ಬಂದಿ